ರಾಯರ ಸ್ವದೇಶಿ ಫಿಲ್ಟರು

ಪಕ್ಕದ ಮನೆ ರಾಯರಿಗೆ ಅಂಗಡಿ ಫಿಲ್ಟರ್ ಎಂದರೆ ಅಲರ್ಜಿ. ಖಾಲಿ ಬಾಟಲಿ, ಒಂದು ತುಂಡು ಸ್ಪಂಜು, ಗಾಳಿ ಪಂಪು, ಸಣ್ಣ ಕೊಳವೆ. ತೊಟ್ಟಿಯ ಗಪ್ಪಿ ಮೀನುಗಳಿಗೆ ಸ್ವದೇಶಿ ಫಿಲ್ಟರ್ ತಯಾರು. ಕೆಲಸವನ್ನೂ ಮಾಡುತ್ತದೆ ಅನ್ನಿ.

ತಕರಾರು ಅವರ ಮನೆಯವರದು. ಕಪ್ಪಿಟ್ಟ ಸ್ಪಂಜು ಕಂಡರೆ ಸಾಕು, ಅವರ ಕೈ ಸೋಪಿನ ಕಡೆ ಹೋಗುತ್ತದೆ.

“ಥೂ, ಏನ್ರೀ ಇದು ಗಲೀಜು! ಕೊಡಿ, ನಲ್ಲಿ ಕೆಳಗೆ ಉಜ್ಜಿಬಿಡ್ತೀನಿ.”

“ಮುಟ್ಟಬೇಡ ಮಾರಾಯ್ತಿ, ಅದರಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡಿವೆ!”

“ಮೀನು ಸಾಕೋದು ಸಾಲದು ಅಂತ ಈಗ ಬ್ಯಾಕ್ಟೀರಿಯಾ ಬೇರೆ?”

ರಾಯರ ಮಾತು ಸರಿಯೇ. ಮೀನಿನ ಕಲ್ಮಶದಿಂದ ಏಳುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವವರು ಈ ಸಂಸಾರಸ್ಥರೇ. ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ವಂಶವೇ ಖಲ್ಲಾಸ್. ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು ಅದರಲ್ಲಿ ಮೆಲ್ಲಗೆ ಹಿಂಡಿದರೆ ಸಾಕು. ಹೊಸ ಸ್ಪಂಜು ಬಂದರೂ ಹಳೆಯದು ಕೆಲವು ವಾರ ಜೊತೆಗಿರಬೇಕು, ಅಡುಗೆಮನೆಯಲ್ಲಿ ಸೊಸೆಗೆ ಅತ್ತೆ ಇದ್ದ ಹಾಗೆ.

ತೊಟ್ಟಿಗೆ ಕೈ ಹಾಕುವ ಮುಂಚೆ ರಾಯರು ಪ್ಲಗ್ ಕೀಳುತ್ತಾರೆ, ಪುಣ್ಯ. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದಿರುತ್ತದೆ. ಅದರ ಗುಂಟ ಹರಿದ ನೀರು ಪ್ಲಗ್ಗಿಗೆ ಏರದೆ ಅಲ್ಲೇ ತೊಟ್ಟಿಕ್ಕಲಿ ಅಂತ.

ಪಂಪು ಮಾತ್ರ ನೆಲದ ಮೇಲಿತ್ತು. ಕರೆಂಟು ಹೋದರೆ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪಿಗೇ ನುಗ್ಗೀತು. ನೀರಿನ ಮಟ್ಟಕ್ಕಿಂತ ಮೇಲಿಡಬೇಕು, ಇಲ್ಲವೇ ನೀರು ಹಿಂದೆ ಬಾರದಂತೆ ತಡೆಯುವ ಪುಟ್ಟ ವಾಲ್ವ್ ಹಾಕಬೇಕು. ವಾಲ್ವ್ ಎಂದರೆ ಮತ್ತೆ ಅಂಗಡಿ! ರಾಯರು ಪಂಪನ್ನು ಸೀದಾ ದೇವರ ಗೂಡಿನ ಪಕ್ಕಕ್ಕೆ ಏರಿಸಿದರು. ಈಗ ಬೆಳಗಿನ ಸಹಸ್ರನಾಮಕ್ಕೆ ಅದರದೇ ಶ್ರುತಿ.