ಹಿತ್ತಲ ಹೇಂಟೆಯ ಅಸ್ತಿತ್ವದ ಬಿಕ್ಕಟ್ಟು: ಕೆಲವು ತಾತ್ವಿಕ ನೆಲೆಗಳು

ಹಿತ್ತಲ ಕೋಳಿಯನ್ನು ಅದರ ಸಾಮಾಜಿಕ, ಪಾರಿಸರಿಕ ಹಾಗೂ ನಿಶಾಕಾಲೀನ ಪರಿಪ್ರೇಕ್ಷ್ಯದಲ್ಲಿಟ್ಟು ಅನುಸಂಧಾನ ನಡೆಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಆಶಯ. ಕೋಳಿಯ ಸಾವನ್ನು ಇದುವರೆಗೆ ಬರೀ ಸಾವೆಂದೇ ಓದಲಾಗಿದೆ. ಅದರ ಸಂಕಥನಾತ್ಮಕ ಆಯಾಮಕ್ಕೆ ವಿದ್ವತ್ ವಲಯ ಮುಖಾಮುಖಿಯಾಗಿಲ್ಲ. (ಈ ವಲಯ ಕೋಳಿಗೆ ಮುಖಾಮುಖಿಯಾಗುವುದು ಸಾಮಾನ್ಯವಾಗಿ ವಿಚಾರ ಸಂಕಿರಣದ ಎರಡನೇ ಗೋಷ್ಠಿ ಮುಗಿದ ಮೇಲೆ, ಊಟದ ಎಲೆಯಲ್ಲಿ.) ವಸ್ತುವೇನೂ ಸಣ್ಣದಲ್ಲ. 2019ರ ಜಾನುವಾರು ಗಣತಿಯಂತೆ ದೇಶದ ಸುಮಾರು 85 ಕೋಟಿ ಸಾಕುಪಕ್ಷಿಗಳಲ್ಲಿ ಹೆಚ್ಚುಕಡಿಮೆ 32 ಕೋಟಿ ಹಿತ್ತಲಿನವು. ಇವುಗಳ ಮೂಲಪುರುಷನಾದ ಕೆಂಪು ಕಾಡುಕೋಳಿ ಇವತ್ತಿಗೂ ಕತ್ತಲಾದರೆ ಕೊಂಬೆ ಏರಿ ಮಲಗುತ್ತದೆ. ಅದರ ಸಂತತಿಯನ್ನು ನೆಲಕ್ಕಿಳಿಸಿ, ಮೈ ತುಂಬಿಸಿ, ರೆಕ್ಕೆಯ ಉಪಯೋಗ ಮರೆಸಿದವರು ನಾವಾದ್ದರಿಂದ ರಾತ್ರಿ ಅದನ್ನು ಕಾಯುವ ಹೊಣೆಯೂ ನಮ್ಮದೇ. ಇದಿಷ್ಟನ್ನು ಹೇಳಲು ಏಳು ಅಧ್ಯಾಯಗಳನ್ನು ಯೋಜಿಸಲಾಗಿತ್ತು, ಸ್ಥಳಾವಕಾಶ ಸಿಗಲಿಲ್ಲ.

ಭಕ್ಷಕರನ್ನು ಖೇಚರ, ಭೂಚರ, ಉರಗ, ಗೃಹಚರ ಎಂಬ ನಾಲ್ಕು ನೆಲೆಗಳಲ್ಲಿ ವರ್ಗೀಕರಿಸಬಹುದು. ಖೇಚರದಲ್ಲಿ ಗಿಡುಗ, ಹದ್ದು, ಮರಿಗಳ ಮಟ್ಟಿಗೆ ಕಾಗೆ. ಭೂಚರದಲ್ಲಿ ಮುಂಗುಸಿ, ಕಾಡುಬೆಕ್ಕು, ನರಿ. ಆದರೆ ಪುನುಗು ಬೆಕ್ಕು ಮರದ ಮೇಲಿಂದ ಮಾಡಿಗೆ, ಮಾಡಿನಿಂದ ಗೂಡಿಗೆ ಇಳಿದು ಎರಡು ವರ್ಗಗಳ ನಡುವಿನ ಗಡಿಯನ್ನೇ ಸಮಸ್ಯಾತ್ಮಕಗೊಳಿಸುತ್ತದೆ. ಉಡ ಉರಗವೂ ಹೌದು, ನಡೆಯುವುದರಿಂದ ಭೂಚರವೂ ಹೌದು. ಇತ್ತ ಹುಂಜ ಇದೇ ಕೆಲಸವನ್ನು ಎರಡೇ ಸದ್ದಿನಲ್ಲಿ ಮುಗಿಸುತ್ತದೆ: ಮೇಲಿಂದ ಬರುವ ಆಪತ್ತಿಗೊಂದು, ನೆಲದ ಮೇಲಿನದಕ್ಕೆ ಇನ್ನೊಂದು. ಮೊದಲನೆಯದಕ್ಕೆ ಹೇಂಟೆಗಳು ಕುಕ್ಕರಿಸಿ ಅಡಗುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನೋಡುತ್ತವೆ. ಗಿಡುಗದ ಸೂಚನೆ ಕೊಡುವ ಹುಂಜ ಹೇಂಟೆಗಳು ಹತ್ತಿರವಿದ್ದಾಗಲೇ ಹೆಚ್ಚು ಕೂಗುತ್ತದೆಂದು ಪೀಟರ್ ಮಾರ್ಲರ್ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿದ್ದಾರೆ. ಕೇಳುವವರಿಲ್ಲದ ಕಡೆ ಬಾಯಿ ಬಿಗಿಹಿಡಿಯುವ ಈ ಸಂಯಮ ಪ್ರಬಂಧ ಮಂಡನೆಯ ಪರಂಪರೆಗೆ ಇನ್ನೂ ಬಂದಿಲ್ಲ. ವರ್ಗೀಕರಣವನ್ನು ಇಲ್ಲಿಗೇ ಬಿಡೋಣ.

ನಾಲ್ಕನೆಯ ವರ್ಗ ಮಾತ್ರ ಉಳಿಯುತ್ತದೆ, ಮತ್ತು ನನ್ನ ವಾದವಿರುವುದೇ ಅಲ್ಲಿ. ಹಿತ್ತಲಲ್ಲಿ ಕೋಳಿ ಸತ್ತಾಗ ಮೊದಲು ಕೇಳುವ ಹೆಸರು ಮುಂಗುಸಿ. ಸತ್ತ ಜಾಗವನ್ನೇ ಪಠ್ಯವಾಗಿ ಓದಿದರೆ ಬೇರೆ ಕಥನ ಸಿಗುತ್ತದೆ. ಗಿಡುಗ ಹಾಡಹಗಲೇ ಮರಿ ಎತ್ತಿ ಹೋಗುತ್ತದೆ, ಕುರುಹು ಉಳಿಯುವುದಿಲ್ಲ. ಹಾವು ನುಂಗುತ್ತದೆ, ಪುಕ್ಕ ಚೆಲ್ಲುವುದಿಲ್ಲ. ಕಾಡುಬೆಕ್ಕು ಹಿಡಿದದ್ದನ್ನು ಹೊತ್ತುಕೊಂಡು ಪೊದೆ ಸೇರುತ್ತದೆ. ಮುಂಗುಸಿಯ ಗಾಯ ಸಾಮಾನ್ಯವಾಗಿ ಕತ್ತು, ತಲೆಯ ಕಡೆ ಇರುತ್ತದೆ. ಆದರೆ ಅಂಗಳದುದ್ದಕ್ಕೂ ಪುಕ್ಕ ಹರಡಿ, ನಾಲ್ಕೈದು ಹೇಂಟೆಗಳು ದೂರದೂರ ಬಿದ್ದು, ಬೆನ್ನು ಮತ್ತು ತೊಡೆ ಜಜ್ಜಿಹೋಗಿ, ಗರಿ ಜೊಲ್ಲಿಗೆ ಅಂಟಿಕೊಂಡು, ಒಂದನ್ನೂ ತಿಂದಿರದಿದ್ದರೆ ಅದು ಬಹುಪಾಲು ನಾಯಿಯ ಕೈವಾಡ. ಗೂಡಿನೊಳಗೆ ನುಗ್ಗಿದ ಕಾಡುಪ್ರಾಣಿಯೂ ಹಸಿವಿಗೆ ಮೀರಿ ಕೊಲ್ಲುತ್ತದಲ್ಲ ಎಂದು ಆಕ್ಷೇಪಿಸಬಹುದು. ನಿಜ, ಹಾನ್ಸ್ ಕ್ರೂಕ್ 1972ರಲ್ಲೇ ನರಿ, ಕತ್ತೆಕಿರುಬಗಳಲ್ಲಿ ಇದನ್ನು ವಿವರಿಸಿದ್ದಾನೆ. ಹಾಗಾಗಿ ಸತ್ತವುಗಳ ಎಣಿಕೆಯೊಂದೇ ಸಾಕ್ಷಿಯಾಗದು. ಗಾಯ ಎಲ್ಲಿದೆ, ಹೆಣ ಎಲ್ಲಿ ಬಿದ್ದಿದೆ, ಜಾಲರಿ ಹರಿದದ್ದು ಹೇಗೆ, ಎಲ್ಲವನ್ನೂ ಕೂಡಿಸಿ ನೋಡಬೇಕು. ಹೀಗೆ ಕೂಡಿಸಿ ನೋಡುವ ವ್ಯವಧಾನ ಯಾರಿಗೂ ಇಲ್ಲದ್ದು ಆಕಸ್ಮಿಕವಲ್ಲ.

ಏಕೆಂದರೆ ಮುಂಗುಸಿಗೆ ಯಜಮಾನನಿಲ್ಲ. ನಾಯಿಗೆ ಇದ್ದಾನೆ. "ನಮ್ಮ ನಾಯಿ ಪಾಪ, ಹಾಗೆಲ್ಲ ಮಾಡಲ್ಲ" ಎಂಬುದು ಈ ಕ್ಷೇತ್ರದ ಪ್ರಬಲ ಸಂಕಥನ. ಹೊಟ್ಟೆ ತುಂಬ ಹಾಕುತ್ತೇವೆ, ಅದಕ್ಕೇನು ಕೊರತೆ ಎಂಬುದು ಅದರ ಉಪಸಂಕಥನ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವುದಕ್ಕೆ ನಾಯಿಗೆ ಹಸಿವೇ ಬೇಕಿಲ್ಲ. ರೆಕ್ಕೆ ಬಡಿದು ಕಿರುಚುವ ಹೇಂಟೆ ಅದಕ್ಕೆ ಆಟ, ಒಂದು ಸದ್ದಡಗಿದರೆ ಇನ್ನೊಂದು. ಮರಿಯಿಂದಲೇ ಕೋಳಿಗಳ ಜೊತೆ ಬೆಳೆದ ನಾಯಿ ಅವನ್ನು ಮುಟ್ಟುವುದಿಲ್ಲ, ಕಾಯುತ್ತದೆ ಕೂಡ ಎಂದರೆ ಅದನ್ನೂ ಒಪ್ಪೋಣ. ಅದು ತನ್ನ ಮನೆಯ ಕೋಳಿಯ ಮಾತು. ಬೇಲಿಯಾಚೆಯ ಕೋಳಿಗೆ ಆ ಒಡಂಬಡಿಕೆ ಅನ್ವಯಿಸುವುದಿಲ್ಲ, ಮತ್ತು ಬೇಲಿಯಾಚೆಯ ಕೋಳಿ ಹೆಚ್ಚಾಗಿ ಒಬ್ಬ ಬಡ ಹೆಂಗಸಿನದು. ಗಂಡನ ಕೈಗೆ ಹೋಗದ ದುಡ್ಡೆಂದು ಅವಳ ಪಾಲಿಗಿರುವುದು ಆ ಮೊಟ್ಟೆ, ಆ ಯಾಟೆ, ಹಬ್ಬಕ್ಕೆ ಮುಂಚೆ ಮಾರುವ ಆ ಹುಂಜ. ಅವಳು ದೊಡ್ಡ ಮನೆಯ ಬಾಗಿಲಿಗೆ ಹೋಗಿ ಹೇಳಿದರೆ ಸಿಗುವ ಉತ್ತರ, "ನೀನು ಕಣ್ಣಾರೆ ಕಂಡೆಯೇನಮ್ಮ?" ಇಷ್ಟು ಅಚ್ಚುಕಟ್ಟಾದ ಜ್ಞಾನಮೀಮಾಂಸೆಯನ್ನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸುವುದಿಲ್ಲ. ಕಾನೂನಿಗೆ ಮೊರೆಯಿಡೋಣವೆಂದರೆ, ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರುವ ಯಜಮಾನನನ್ನು ಶಿಕ್ಷಿಸುವ ಹಳೆಯ ದಂಡಸಂಹಿತೆಯ 289ನೇ ಕಲಂ, ಈಗಿನ ನ್ಯಾಯ ಸಂಹಿತೆಯ 291, ಮನುಷ್ಯನ ಜೀವಕ್ಕೆ ಅಪಾಯವಾಗುವುದನ್ನು, ಮನುಷ್ಯನಿಗೆ ತೀವ್ರ ಗಾಯವಾಗುವುದನ್ನು ಕುರಿತದ್ದು. ಹೇಂಟೆ ಅದರೊಳಗೆ ಬರುವುದಿಲ್ಲ. ಕೊನೆಗೆ ಉರುಳಿಗೆ ಬೀಳುವುದು ಮುಂಗುಸಿ: 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ, ಇಲಿ ಹೆಗ್ಗಣ ಹಿಡಿದು ಮರಿಗಳನ್ನೂ ಕಾಳನ್ನೂ ಉಳಿಸುವ ಪ್ರಾಣಿ. ಅದಕ್ಕೆ ವಿಷವಿಟ್ಟವನು ಮುಂದಿನ ವರ್ಷ ಹೆಗ್ಗಣದ ಮೇಲೆ ಇನ್ನೊಂದು ಪ್ರಬಂಧ ಬರೆಸಬೇಕಾಗುತ್ತದೆ.

ಪರಿಹಾರದ ನೆಲೆಗಳು ಎಂದು ಶೀರ್ಷಿಕೆ ಕೊಡಬಹುದಾದ ಭಾಗ ಚಿಕ್ಕದು. ತೆಳು ತಂತಿಯ ಆರು ಮೂಲೆಯ ಕೋಳಿ ಜಾಲರಿಯನ್ನು ನಾಯಿ ಬಾಯಲ್ಲೇ ಹರಿಯುತ್ತದೆ. ಅರ್ಧ ಇಂಚಿನ ವೆಲ್ಡ್ ಮೆಶ್ ಬೇಕು, ಅದರ ಅಂಚು ಒಂದಡಿ ಮಣ್ಣಿನೊಳಗೆ ಹೋಗಬೇಕು, ತೋಡುವ ಪ್ರಾಣಿಗೆ ಅಲ್ಲಿ ತಡೆಯಾಗುತ್ತದೆ. ತಳ್ಳಿದರೆ ತೆರೆಯದ ಚಿಲಕ ಬೇಕು. ಮರಿಗಳಿಗೆ ಮಂಕರಿ, ಮಂಕರಿಯ ಮೇಲೊಂದು ಕಲ್ಲು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು, ಹೊತ್ತು ಮುಳುಗುವಾಗ ತಾನೇ ಗೂಡಿಗೆ ಬರುತ್ತದೆ. ಎಣಿಸಿ ಬಾಗಿಲು ಹಾಕಿದರಾಯಿತು. ಇಷ್ಟನ್ನೂ ಕೋಳಿಯವಳೇ ಮಾಡಲಿ, ಖರ್ಚೂ ಅವಳದೇ ಎಂಬುದು ನಮ್ಮ ಎಲ್ಲ ಉಪದೇಶಗಳ ತಳದಲ್ಲಿರುವ ಮಾತು. ಹಗಲು ಕೋಳಿ ಮೇಯಲೇಬೇಕು, ಗೂಡಿನಲ್ಲಿಟ್ಟು ಕಾಳು ಹಾಕುವುದಾದರೆ ಹಿತ್ತಲ ಸಾಕಣೆಗೆ ಅರ್ಥವೇ ಇಲ್ಲ. ಆದ್ದರಿಂದ ಹಗಲು ಕಟ್ಟಬೇಕಾದದ್ದು ನಾಯಿಯನ್ನು. ಕಟ್ಟದೆ ಕೊಂದಾಗ ಬೆಲೆ ಕೊಡಬೇಕು, ಅದೂ ಮಾಂಸದ ತೂಕದ ಲೆಕ್ಕದಲ್ಲಲ್ಲ. ನಾಟಿ ಹೇಂಟೆ ವರ್ಷಕ್ಕೆ ಇಡುವುದು ಐವತ್ತು ಅರವತ್ತು ಮೊಟ್ಟೆ. ಕಾವಿಗೆ ಕೂತದ್ದು ಸತ್ತರೆ ಇಪ್ಪತ್ತೊಂದು ದಿನದ ಕಾವು ನಡುವೆಯೇ ನಿಂತು ಅಡಿಯ ಮೊಟ್ಟೆಗಳೆಲ್ಲ ಹಾಳು. ಸತ್ತ ಕೋಳಿಯನ್ನು ಸಾರು ಮಾಡಿಕೋ ಎಂದು ಕೈಗೆ ನೂರರ ನೋಟು ತುರುಕುವವನು ಮೊದಲು ಆ ಮೊಟ್ಟೆಗಳನ್ನು ಎಣಿಸಲಿ.