ಮೂಗಿನ ಕೆಳಗಿನ ನೊರೆ

ಸ್ನಾನದ ಸೋಪಿಗೂ ಕ್ಷೌರದ ಸೋಪಿಗೂ ಇರುವ ವ್ಯತ್ಯಾಸ, ಬಂದು ಹೋಗುವ ನೆಂಟನಿಗೂ ಬಂದು ಕೂರುವ ನೆಂಟನಿಗೂ ಇರುವಷ್ಟೇ. ಸ್ನಾನದ ಸೋಪು ಮೈಮೇಲೆ ನೊರೆಯೆಬ್ಬಿಸಿ, ಕೊಳೆಯನ್ನು ಜೊತೆಗೆ ಕರೆದುಕೊಂಡು, ಎರಡು ಚೊಂಬು ನೀರಿಗೆ ಹೊರಟುಬಿಡಬೇಕು. ಕ್ಷೌರದ ಸೋಪು ಹಾಗೆ ಹೊರಟರೆ ಕೆಟ್ಟಿತು. ಎಡಗೆನ್ನೆಯಲ್ಲಿ ಶುರುವಾದ ಬ್ಲೇಡು ಬಲಗೆನ್ನೆ ಮುಟ್ಟಿ, ಗಲ್ಲದ ಗುಳಿ ಸುತ್ತಿ, ನಡುವೆ ಬಂದ ಫೋನಿಗೂ ಒಂದು ಉತ್ತರ ಕೊಟ್ಟು ಕೆಲಸ ಮುಗಿಸುವ ತನಕ ಅದರ ನೊರೆ ಒಣಗದೆ, ಜಾರದೆ, ಕುಸಿಯದೆ ಕೂತಿರಬೇಕು. ಮನೆಯಲ್ಲಿ ಕ್ಷೌರದ ಸೋಪು ಕಾಯಿಸುವ ವಿದ್ಯೆಯೆಲ್ಲ ಈ ಕೂರಿಸುವ ವಿದ್ಯೆಯೇ. ಅದಕ್ಕೆ ಪರಿಮಳ ಕೂಡಿಸುವುದು ಇನ್ನೊಂದು ವಿದ್ಯೆ. ಅದರಲ್ಲಿ ಗೆದ್ದವರಿಗಿಂತ ಸೋತವರೇ ಹೆಚ್ಚು.

ನೊರೆಗೆ ಕೂರುವ ಗುಣ ಬರುವುದು ಸ್ಟಿಯರಿಕ್ ಆಮ್ಲದಿಂದ. ಹೆಸರಿನಲ್ಲಿ ಆಮ್ಲವಿದೆಯೆಂದು ಹೆದರಬೇಕಿಲ್ಲ. ನೋಡಲು ಮೇಣದ ಚೂರಿನಂಥ ಬಿಳಿಯ ವಸ್ತು. ಸುಮಾರು 69 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮೇಣದಬತ್ತಿ ಮಾಡುವವರೂ ಇದನ್ನೇ ಕೊಳ್ಳುತ್ತಾರೆ. ಕೊಬ್ಬಿನೊಳಗೆ ಇಂಥ ಆಮ್ಲಗಳು ಗ್ಲಿಸರಿನ್ ಜೊತೆ ಕಟ್ಟಿಕೊಂಡು ಕೂತಿರುತ್ತವೆ, ಕ್ಷಾರ ಬಂದು ಆ ಕಟ್ಟು ಬಿಚ್ಚಿದಾಗ ಸೋಪು ಹುಟ್ಟುತ್ತದೆ ಎಂದು ತೋರಿಸಿಕೊಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್. ಈ ಕೊಬ್ಬಿನ ಪುರಾಣವನ್ನೆಲ್ಲ ಆತ 1823ರಲ್ಲಿ ಗ್ರಂಥವಾಗಿ ಪ್ರಕಟಿಸಿದ. 1786ರಲ್ಲಿ ಹುಟ್ಟಿದ ಆಸಾಮಿ 1889ರವರೆಗೆ, ಎಂದರೆ 102 ವರ್ಷ ಬದುಕಿದ. ನೂರು ತುಂಬಿದ ಹೊತ್ತಿನ ಫೋಟೋಗಳಲ್ಲಿ ತಲೆಗೂದಲು ಹುಲ್ಲಿನ ಮೆದೆಯಂತೆ ಕೆದರಿದೆ. ಕೆನ್ನೆ ಮಾತ್ರ ನುಣ್ಣಗಿದೆ.

ಒಂದು ಬಟ್ಟಲು ಸೋಪಿಗೆ 200 ಗ್ರಾಂ ಕೊಬ್ಬು ಸಾಕು. ಅದರಲ್ಲಿ ಅರ್ಧ, ಅಂದರೆ 100 ಗ್ರಾಂ, ಸ್ಟಿಯರಿಕ್ ಆಮ್ಲ. 50 ಗ್ರಾಂ ಕೊಬ್ಬರಿ ಎಣ್ಣೆ, 20 ಗ್ರಾಂ ಹರಳೆಣ್ಣೆ, ಉಳಿದ 30 ಗ್ರಾಂ ಯಾವುದಾದರೂ ಗಟ್ಟಿ ತುಪ್ಪ. ಕೊಬ್ಬರಿ ಎಣ್ಣೆ ಮೊದಲ ಉಜ್ಜಿಗೇ ದೊಡ್ಡ ದೊಡ್ಡ ಗುಳ್ಳೆ ಎಬ್ಬಿಸಿ ಊರಿಗೆಲ್ಲ ತೋರಿಸಿ, ಮರುನಿಮಿಷ ಒಡೆದುಕೊಳ್ಳುತ್ತದೆ. ಆ ಗುಳ್ಳೆಗಳನ್ನು ಸಣ್ಣಗೆ ಮಾಡಿ, ಮೊಸರಿನ ಕೆನೆಯಷ್ಟು ದಟ್ಟವಾಗಿ ಹಿಡಿದಿಡುವುದು ಸ್ಟಿಯರಿಕ್. ಹರಳೆಣ್ಣೆಯದು ಬ್ಲೇಡಿಗೆ ಜಾರುಗುಣ ಕೊಡುವ ಕೆಲಸ. ಗಟ್ಟಿ ತುಪ್ಪಕ್ಕೆ ಪರದೇಶದವರು ಆಫ್ರಿಕದ ಶಿಯಾ ಬೆಣ್ಣೆ ತರಿಸುತ್ತಾರೆ. ಉತ್ತರ ಕನ್ನಡದವರಿಗೆ ಆ ಕಷ್ಟವಿಲ್ಲ. ಮುರುಗಲು ಹಣ್ಣಿನ ಬೀಜದಿಂದ ತೆಗೆದ, ಚಳಿಗಾಲದಲ್ಲಿ ಹಿಮ್ಮಡಿಯ ಬಿರುಕಿಗೆ ಹಚ್ಚುವ ಮುರುಗಲು ತುಪ್ಪದಲ್ಲಿ ಅರ್ಧದಷ್ಟು ಸ್ಟಿಯರಿಕ್ಕೇ ಇದೆ. ಕಾಲಿನಿಂದ ಕೆನ್ನೆಗೆ ಬಡ್ತಿ ಸಿಗುವುದು ಎಲ್ಲ ವಸ್ತುಗಳಿಗೂ ಒದಗುವ ಭಾಗ್ಯವಲ್ಲ.

ಕ್ಷಾರಗಳು ಎರಡು. ಕಾಸ್ಟಿಕ್ ಸೋಡಾ ಹಾಕಿದರೆ ಸೋಪು ಕಲ್ಲಾಗುತ್ತದೆ, ಬ್ರಶ್ಶಿಗೆ ಬಗ್ಗುವುದಿಲ್ಲ. ಕಾಸ್ಟಿಕ್ ಪೊಟ್ಯಾಷ್ ಒಂದನ್ನೇ ಹಾಕಿದರೆ ಮುದ್ದೆಯಾಗಿ ಉಳಿಯುತ್ತದೆ; ಬೇಗ ನೀರಿಗೆ ಕರಗುತ್ತದೆ. ಎರಡನ್ನೂ ಬೆರೆಸಿ, ಪೊಟ್ಯಾಷ್ ಕೈಯನ್ನು ಕೊಂಚ ಮೇಲಿಟ್ಟರೆ, ಬೆರಳಿಂದ ಒತ್ತಿದರೆ ತಗ್ಗುವ ಹದ ಸಿಗುತ್ತದೆ. ಮೇಲಿನ ಲೆಕ್ಕಕ್ಕೆ ಶೇ 90ರಷ್ಟು ಶುದ್ಧವಾದ ಪೊಟ್ಯಾಷ್ ಸುಮಾರು 26.5 ಗ್ರಾಂ, ಸೋಡಾ 11.4 ಗ್ರಾಂ. ಇಷ್ಟು ಹಾಕಿದರೆ ನೂರಕ್ಕೆ ಐದು ಪಾಲು ಕೊಬ್ಬು ಕ್ಷಾರದ ಬಾಯಿಗೆ ಸಿಗದೆ ಉಳಿದು ಚರ್ಮದ ಪಾಲಾಗುತ್ತದೆ. ಪೊಟ್ಯಾಷ್ ಡಬ್ಬಿಯ ಮುಚ್ಚಳ ತೆರೆದಿಟ್ಟು ಆಚೆ ಹೋಗುವಂತಿಲ್ಲ. ಗಾಳಿಯ ತೇವವನ್ನೆಲ್ಲ ಕುಡಿದು, ಮಲೆನಾಡಿನ ಆಷಾಢದಲ್ಲಿ ಬೆಲ್ಲದಚ್ಚು ಬೆವರುವಂತೆ ಬೆವರಿ, ತೂಕದಲ್ಲಿ ಸುಳ್ಳು ಹೇಳಲು ಶುರುಮಾಡುತ್ತದೆ.

ತೂಕದ ವಿಷಯದಲ್ಲೇ ಒಳ್ಳೆಯ ಅಡುಗೆಯವರು ಎಡವುವುದು. ಕೈಯಳತೆ, ಕಣ್ಣಂದಾಜು, ರುಚಿಗೆ ತಕ್ಕಷ್ಟು ಎಂದು ಮೂವತ್ತು ವರ್ಷ ಹುಳಿ ಕುದಿಸಿದವರಿಗೆ ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಅವಮಾನದಂತೆ ಕಾಣುತ್ತದೆ. ಆದರೆ ಕಾಸ್ಟಿಕ್ಕಿಗೆ ರುಚಿಗೆ ತಕ್ಕಷ್ಟು ಎಂಬ ಮಾತಿಲ್ಲ. ಎಣ್ಣೆಯಿಂದ ಎಣ್ಣೆಗೆ ಹಸಿವೂ ಬೇರೆ: ಒಂದು ಗ್ರಾಂ ಕೊಬ್ಬರಿ ಎಣ್ಣೆ 0.257 ಗ್ರಾಂ ಶುದ್ಧ ಪೊಟ್ಯಾಷ್ ನುಂಗಿದರೆ ಹರಳೆಣ್ಣೆಗೆ 0.18 ಸಾಕು. ಆದ್ದರಿಂದ ಡಬ್ಬಿಯಲ್ಲಿ ಒಂದು ಎಣ್ಣೆ ಮುಗಿದಿದೆಯೆಂದು ಪಕ್ಕದ ಎಣ್ಣೆ ಸುರಿಯುವ ಧೈರ್ಯ ಇಲ್ಲಿ ಸಲ್ಲದು. ಉಪ್ಪು ಹೆಚ್ಚಾದ ಹುಳಿಗೆ ಆಲೂಗಡ್ಡೆ ಹಾಕಿ ಸುಧಾರಿಸಬಹುದು; ಕ್ಷಾರ ಹೆಚ್ಚಾದ ಸೋಪು ಗಡ್ಡದ ಜೊತೆ ಚರ್ಮವನ್ನೂ ಕೇಳುತ್ತದೆ.

ಅಪಾಯದ ಮಾತನ್ನು ನಗೆಯಾಡದೆ ಹೇಳಬೇಕು. ಕ್ಷಾರವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ನೀರನ್ನು ಕ್ಷಾರಕ್ಕೆ ಸುರಿಯಬಾರದು. ಸುರಿದರೆ ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು, ತೆರೆದ ಕಿಟಕಿ ಬೇಕು; ಮಕ್ಕಳು ಆಚೆ ಇರಬೇಕು. ಮೈಮೇಲೆ ಬಿದ್ದರೆ ವಿನೆಗರ್ ಹುಡುಕುತ್ತ ಓಡಾಡದೆ ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆಯಬೇಕು. ಪಾತ್ರೆ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿಂದು ಹೈಡ್ರೋಜನ್ ಉಗುಳುತ್ತದೆ. ಬಳಸಿದ ಪಾತ್ರೆ, ಸೌಟು ಮತ್ತೆ ಅಡುಗೆಗೆ ಬರಬಾರದು. ಈ ಕೊನೆಯ ನಿಯಮ ಮುರಿದ ಮನೆಗಳಲ್ಲಿ ಮರದ ಸೌಟು ಲ್ಯಾವೆಂಡರ್ ಕುಡಿದು, ಮರುದಿನ ಅದನ್ನು ಸಾರಿಗೆ ಬಿಟ್ಟುಕೊಟ್ಟಿರುತ್ತದೆ.

ಇನ್ನು ಕಾಯಿಸುವುದು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಸಣ್ಣ ಪಾತ್ರೆಯಿಟ್ಟು ಕೊಬ್ಬನ್ನೆಲ್ಲ ಕರಗಿಸಬೇಕು. ಕರಗಿದ ಮೇಲೆ ತಿಳಿಯಾದ, ಹೊನ್ನಿನ ಬಣ್ಣದ, ನೋಡಿದರೆ ಮುಟ್ಟಬೇಕೆನಿಸುವ ದ್ರವ. ಸುಮಾರು 90 ಗ್ರಾಂ ನೀರಿನಲ್ಲಿ ಕರಗಿಸಿಟ್ಟ ಕ್ಷಾರವನ್ನು ಇದಕ್ಕೆ ಹನಿಸಿದ ಕ್ಷಣ ಎಲ್ಲವೂ ಕೈಮೀರುತ್ತದೆ. ಬರೀ ಎಣ್ಣೆಯಾದರೆ ಕ್ಷಾರದ ಜೊತೆ ನಿಧಾನವಾಗಿ ಮಾತುಕತೆ ನಡೆಸುತ್ತದೆ. ಸ್ಟಿಯರಿಕ್ ಆಗಲೇ ಬಿಡಿ ಆಮ್ಲವಾದ್ದರಿಂದ ನೋಡಿದ ಕೂಡಲೇ ಒಪ್ಪಿಕೊಂಡುಬಿಡುತ್ತದೆ. ಸೌಟು ಬಿದ್ದಲ್ಲೇ ಬಿಳಿಯ ಗಂಟುಗಳು. ರವೆಯನ್ನು ಒಂದೇ ಸಲ ಸುರಿದ ಉಪ್ಪಿಟ್ಟಿನ ಹಾಗೆ. ಮೊದಲ ಸಲ ಮಾಡುವವರು ಇದನ್ನು ಕಂಡು ಕೆಟ್ಟುಹೋಯಿತೆಂದು ಚೆಲ್ಲಿದ್ದುಂಟು. ಚೆಲ್ಲಬಾರದು. ಮುಚ್ಚಿ ಬೇಯಿಸುತ್ತ, ಆಗಾಗ ಕೆದಕುತ್ತ ಒಂದು ಗಂಟೆ ಕಾದರೆ ಗಂಟು ಮುದ್ದೆಯಾಗಿ, ಮುದ್ದೆ ಮೆತ್ತಗಾಗಿ, ಕೊನೆಗೆ ಪಾತ್ರೆಯ ಅಂಚು ಬಿಡುವ ಹಾಲುಬಾಯಿಯ ಹದಕ್ಕೆ ಬರುತ್ತದೆ. ಬೆಂದಿತೋ ಇಲ್ಲವೋ ತಿಳಿಯಲು ಹಳಬರದೊಂದು ಪರೀಕ್ಷೆಯಿದೆ: ಚೂರು ಸೋಪನ್ನು ಆರಿಸಿ, ನೀರಲ್ಲಿ ಅದ್ದಿದ ಬೆರಳಿಂದ ಉಜ್ಜಿ, ಆ ಬೆರಳನ್ನು ನಾಲಿಗೆಯ ತುದಿಗೆ ತಾಗಿಸಿ ತೆಗೆಯುವುದು. ಟಾರ್ಚಿನ ಸೆಲ್ಲು ನಾಲಿಗೆಗಿಟ್ಟಾಗಿನ ಚುರುಕು ಹೊಡೆದರೆ ಇನ್ನೂ ಬೇಯಬೇಕು. ಬರೀ ಸೋಪಿನ ರುಚಿ ಬಂದರೆ ಬೆಂದಿದೆ. ಹಾಗೆ ಬಾಯಿ ಕೆಟ್ಟಾಗ ಸಂತೋಷಪಡುವ ಅಡುಗೆ ಬೇರೆ ಇರಲಾರದು. ಆಮೇಲೆ 20 ಗ್ರಾಂ ಗ್ಲಿಸರಿನ್ ಸೇರಿಸಬೇಕು. ನೊರೆ ಒಣಗದಂತೆ ಕಾಯುವುದು ಅದೇ.

ಇಲ್ಲಿಗೆ ಸೋಪು ಸಿದ್ಧ. ವಾಸನೆ ಹಾಕದೆ ಇಲ್ಲೇ ನಿಲ್ಲಿಸಿದರೂ ಗಡ್ಡ ಹೋಗುತ್ತದೆ. ಆದರೆ ನಿಲ್ಲಿಸಿದವರು ಕಡಿಮೆ. ಕೈತೊಳೆಯುವ ಸೋಪಿನ ವಾಸನೆ ಮೂಗಿನಿಂದ ಒಂದು ಮೊಳ ದೂರದಲ್ಲಿ ಅರೆನಿಮಿಷ ಇದ್ದು ಹೋಗುತ್ತದೆ. ಕ್ಷೌರದ ಸೋಪು ಮೂಗಿನ ಹೊಳ್ಳೆಯಿಂದ ಅರ್ಧ ಅಂಗುಲ ಕೆಳಗೆ ಹತ್ತು ನಿಮಿಷ ಠಿಕಾಣಿ ಹೂಡುತ್ತದೆ. ಅದರ ಪ್ರತಿ ಗುಣವೂ ದೋಷವೂ ವಿಚಾರಣೆಗೆ ಬರುವುದು ಅಲ್ಲೇ.

ಪರಿಮಳವನ್ನು ಕೊನೆಗೆ, ಪಾಕ ತುಸು ಆರಿದ ಮೇಲೆ ಹಾಕಬೇಕು. ಕುದಿಯುವಾಗ ಹಾಕಿದರೆ ಪರಿಮಳವನ್ನು ಅಕ್ಕಪಕ್ಕದ ಮನೆಯವರು ಅನುಭವಿಸುತ್ತಾರೆ. ನೂರಕ್ಕೆ ಎರಡು ಪಾಲು, ಅಂದರೆ ಈ ಪಾಕಕ್ಕೆ ಆರು ಗ್ರಾಂನಷ್ಟು ಸಾಕು. ನಿಂಬೆ, ಕಿತ್ತಳೆಗಳ ಎಣ್ಣೆ ಹಗುರ. ಮೊದಲ ದಿನ ಮನೆಯೆಲ್ಲ ಘಮಘಮಿಸಿ ಕೆಲವೇ ವಾರದಲ್ಲಿ ಹೇಳದೆ ಕೇಳದೆ ಹೋಗುತ್ತವೆ. ಲ್ಯಾವೆಂಡರ್ ನಡುವಿನದು. ಲಾವಂಚ, ಪಚೋಲಿ, ಗಂಧದಂಥವು ಭಾರ. ತಾವೂ ಉಳಿದು, ಹಗುರದವನ್ನೂ ಸ್ವಲ್ಪ ಕಾಲ ಹಿಡಿದಿಡುತ್ತವೆ. ವೆನಿಲಾ ಸೋಪನ್ನು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿಸುತ್ತದೆ. ಲವಂಗದೆಣ್ಣೆ ಹಲ್ಲುನೋವಿಗಿರಲಿ, ಬ್ಲೇಡು ತಾಗಿದ ಜಾಗಕ್ಕೆ ಅದು ಬಂದರೆ ಲವಂಗ ಬೆಳೆದವರಿಗೂ ಶಾಪ ತಟ್ಟುತ್ತದೆ.

ಮಲ್ಲಿಗೆಯ ಆಸೆ ಎಲ್ಲರಿಗೂ ಒಮ್ಮೆ ಹುಟ್ಟುತ್ತದೆ. ಮೈಸೂರು, ಉಡುಪಿ, ಹಡಗಲಿಗಳ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಸಿಕ್ಕಿರುವ ನಾಡಿನಲ್ಲಿ ಮೊಳ ಹೂವು ತಂದು ಪಾಕಕ್ಕೆ ಬಿಡಿಸಿ ಹಾಕಿದರಾಯಿತಲ್ಲ ಎನಿಸುವುದು ಸಹಜ. ಕ್ಷಾರಕ್ಕೆ ಬಿದ್ದ ಎಸಳು ಸ್ವಲ್ಪ ಹೊತ್ತಿಗೇ ಕಂದಿ, ಕೊನೆಗೆ ಹಳೇ ಟೀಸೊಪ್ಪಿನ ಹಾಗೆ ಕಾಣುತ್ತದೆ. ಪರಿಮಳದ ಸುಳಿವೂ ಇರುವುದಿಲ್ಲ. ಹಬೆಯಲ್ಲಿ ಬಟ್ಟಿ ಇಳಿಸಿದರೂ ಮಲ್ಲಿಗೆ ತನ್ನ ಪರಿಮಳವನ್ನು ಸರಿಯಾಗಿ ಬಿಟ್ಟುಕೊಡುವುದಿಲ್ಲ; ದ್ರಾವಕದಲ್ಲಿ ತೆಗೆದ ಸಾರದ ಬೆಲೆ ಕೇಳಿದರೆ ಗಡ್ಡ ಬಿಡುವುದೇ ಲಾಭವೆನಿಸುತ್ತದೆ.

ಗಂಧದ ಕಥೆಯೂ ಹಣದ್ದೇ. ಮೊದಲ ಮಹಾಯುದ್ಧದಿಂದಾಗಿ ಯುರೋಪಿಗೆ ಹೋಗಬೇಕಿದ್ದ ಗಂಧದ ಮರ ಇಲ್ಲೇ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ ಮೈಸೂರು ಸಂಸ್ಥಾನ ಎಣ್ಣೆ ತೆಗೆಯಲು ಶುರುಮಾಡಿತು. ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳು ಆ ಎಣ್ಣೆಯನ್ನು ಸೋಪಿಗೆ ಒಗ್ಗಿಸಿ ಸೋಪು ಶಾಸ್ತ್ರಿ ಎಂದೇ ಹೆಸರಾದರು. ಆಗ ಮರ ಹೆಚ್ಚಾಗಿ ಸೋಪು ಹುಟ್ಟಿತು. ಈಗ ಅಸಲಿ ಗಂಧದೆಣ್ಣೆಗೆ ಕಿಲೋಗೆ ಲಕ್ಷಗಳ ಲೆಕ್ಕ. ಆರು ಗ್ರಾಂ ಹಾಕುವ ದುಡ್ಡಿಗೆ ಅಂಗಡಿಯ ಗಂಧದ ಸೋಪನ್ನು ಮನೆಮಂದಿಗೆಲ್ಲ ತಿಂಗಳುಗಟ್ಟಲೆ ಕೊಳ್ಳಬಹುದು. ಹಾಗಾಗಿ ಮನೆಯ ಸೋಪುಗಳಿಗೆ ಬೀಳುವುದು ಬಹುಪಾಲು ಪ್ರಯೋಗಶಾಲೆಯ ಗಂಧ. ಅದರಲ್ಲಿ ತಪ್ಪೇನಿಲ್ಲ, ಉಡುಗೊರೆ ಕೊಡುವಾಗ ಮಾತ್ರ ಅದು ಹೇಗೋ ಅಸಲಿಯಾಗಿಬಿಡುತ್ತದೆ.

ಪಶ್ಚಿಮದವರು ಕ್ಷೌರದಂಗಡಿಯ ವಾಸನೆಯೆಂದು ಗುರುತಿಸುವುದು ಲ್ಯಾವೆಂಡರ್, ಕೂಮರಿನ್ ಮತ್ತು ಓಕ್ ಮರದ ಪಾಚಿಯ ಕೂಡಿಕೆಯನ್ನು. 1882ರಲ್ಲಿ ಪ್ಯಾರಿಸ್ಸಿನ ಹೂಬಿಗಾಂ ಸಂಸ್ಥೆ ಇದನ್ನು ಫೂಜೇರ್ ರಾಯಲ್ ಎಂಬ ಹೆಸರಿನಲ್ಲಿ ಹೊರತಂದಿತು. ರಾಜಮನೆತನದ ಜರೀಗಿಡ ಎಂದರ್ಥ. ಜರೀಗಿಡಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಇಲ್ಲದ ವಾಸನೆಗೆ ಹೆಸರಿಟ್ಟು ನೂರಾ ನಲವತ್ತು ವರ್ಷ ಮಾರಿದ ಜಾಣತನ ಮೆಚ್ಚತಕ್ಕದ್ದು. ಅದನ್ನು ಹಾಕಿದ ಸೋಪನ್ನು ಕರ್ನಾಟಕದ ಸಣ್ಣ ಊರಲ್ಲಿ ಯಾರ ಮೂಗಿಗೆ ಹಿಡಿದರೂ ಕ್ಷೌರದಂಗಡಿ ನೆನಪಾಗುವುದಿಲ್ಲ. ಇಲ್ಲಿಯ ಕ್ಷೌರದಂಗಡಿಯೆಂದರೆ ಟಾಲ್ಕಂ ಪೌಡರು, ಒದ್ದೆ ಪಟಿಕದ ಕಲ್ಲು, ಡಬ್ಬಿಯೊಳಗೆ ಹಳಸಿದ ನೀರು, ಮತ್ತು ಎಲ್ಲರ ಕೈ ದಾಟಿ ಬಂದ ದಿನಪತ್ರಿಕೆ. ಇದನ್ನು ಇನ್ನೂ ಯಾರೂ ಶೀಶೆಗೆ ತುಂಬಿಲ್ಲ.

ಮೆಂಥಾಲ್ ಹಾಕುವವರಿಗೆ ಒಂದು ಎಚ್ಚರಿಕೆ. ಅದು ಚರ್ಮವನ್ನು ತಣ್ಣಗೆ ಮಾಡುವುದಿಲ್ಲ. ತಣ್ಣಗಾಗಿದೆಯೆಂದು ನರಕ್ಕೆ ಚಾಡಿ ಹೇಳುತ್ತದೆ. ಆ ಚಾಡಿ ಕೇಳುವ ಕಿವಿ ಚರ್ಮದಲ್ಲಿ ಎಲ್ಲಿದೆಯೆಂದು ಪತ್ತೆ ಮಾಡಿದ್ದು ಸೇರಿದಂತೆ ನಡೆದ ಸಂಶೋಧನೆಗೆ 2021ರ ವೈದ್ಯಕೀಯ ನೊಬೆಲ್ ಬಂತು. ನೂರಕ್ಕೆ ಅರ್ಧ ಪಾಲು ಹಾಕಿದರೆ ಮುಂಜಾನೆಯ ಗಾಳಿ. ಮೂರು ಪಾಲು ಹಾಕಿದರೆ ಕಣ್ಣಲ್ಲಿ ನೀರು, ಕನ್ನಡಿಯಲ್ಲಿ ಮಂಜು, ಕೈಯಲ್ಲಿ ಬ್ಲೇಡು.

ಪ್ರಮಾಣ ತಪ್ಪಲು ಮೂಗೇ ಕಾರಣ. ಒಂದೇ ವಾಸನೆಯನ್ನು ಪದೇ ಪದೇ ಮೂಸಿದರೆ ಮೂಗು ಅದನ್ನು ವರದಿ ಮಾಡುವುದು ನಿಲ್ಲಿಸುತ್ತದೆ. ಸಾಲದೆಂದು ಮಾಡುವವರು ಇನ್ನಷ್ಟು ಸುರಿಯುತ್ತಾರೆ. ಅಷ್ಟರಲ್ಲಿ ಮಹಡಿಯ ಮೇಲಿನವರು ಕಿಟಕಿ ಹಾಕಿಕೊಂಡಿರುತ್ತಾರೆ. ನಡುನಡುವೆ ಕಾಫಿಪುಡಿ ಮೂಸುವ ಪದ್ಧತಿಯಿದೆ. ಬರೀ ಗಾಳಿ ಮಾಡುವುದಕ್ಕಿಂತ ಹೆಚ್ಚೇನೂ ಅದು ಮಾಡುವುದಿಲ್ಲ, ಕಾಫಿ ಕುಡಿಯುವ ಮನಸ್ಸಾಗುತ್ತದೆ ಅಷ್ಟೆ. ಕೃತಕ ಕಸ್ತೂರಿಗಳಂತೂ ಕೆಲವರ ಮೂಗಿಗೆ ಹುಟ್ಟಾ ಬೀಳುವುದೇ ಇಲ್ಲ. ಅಂಥ ಗಂಡ ಸುರಿಯುತ್ತ, ವಾಸನೆ ಬೀಳುವ ಹೆಂಡತಿ ತಲೆ ಹಿಡಿದುಕೊಂಡು ಕೂರುವ ಮನೆಯಲ್ಲಿ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಪರಿಮಳ ಬೆರೆತ ಪಾಕವನ್ನು ಬಿಸಿಯಿದ್ದಾಗಲೇ ಅಗಲ ಬಾಯಿಯ ಬಟ್ಟಲಿಗೆ ಒತ್ತಿ, ಗಾಳಿಗುಳ್ಳೆ ಹೋಗುವಂತೆ ತಟ್ಟಬೇಕು. ಮರುದಿನವೇ ಬಳಸಬಹುದು, ಆದರೆ ಮೂರು ನಾಲ್ಕು ವಾರ ನೆರಳಲ್ಲಿಟ್ಟರೆ ನೀರು ಆರಿ ಸೋಪು ಬಲಿಯುತ್ತದೆ. ವ್ರತದಂತೆ ಅದಕ್ಕಾಗಿಯೇ ಕಾದವರ ಗಡ್ಡವೂ ಅಷ್ಟರಲ್ಲಿ ಬಲಿತಿರುತ್ತದೆ.

ಬಳಸುವಾಗ ಬ್ರಶ್ಶನ್ನು ನೆನೆಸಿ, ಕೊಡವಿ, ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ, ಕೆನ್ನೆಯ ಮೇಲೆ ಹನಿ ಹನಿ ನೀರು ಸೇರಿಸುತ್ತ ಕಟ್ಟಬೇಕು. ಮೊದಲು ಬೆಣ್ಣೆಯಂತೆ ಅಂಟುತ್ತದೆ, ಇನ್ನೆರಡು ಹನಿಗೆ ಹೊಳಪು ಬರುತ್ತದೆ, ಮತ್ತೆರಡು ಹೆಚ್ಚಾದರೆ ಕೊರಳಿಗೆ ಇಳಿಯುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಅದರ ಕ್ಯಾಲ್ಸಿಯಂ ಸ್ಟಿಯರಿಕ್ಕನ್ನು ಹಿಡಿದು ಬಿಳಿಯ ಕರೆಯಾಗಿಸುತ್ತದೆ. ಇಷ್ಟೆಲ್ಲ ಮಾಡಿಯೂ ನೊರೆ ಕೂರುವುದಿಲ್ಲ. ಅಂಥ ಊರಿನಲ್ಲಿ ಮಳೆನೀರೋ ಕುಡಿಯುವ ಫಿಲ್ಟರ್ ನೀರೋ ಒಂದು ಲೋಟ ಬೇಕು. ಗಡ್ಡಕ್ಕೆ ಕುಡಿಯುವ ನೀರೇ ಎಂಬ ಪ್ರಶ್ನೆಗೆ ಉತ್ತರವೂ ಸಿದ್ಧವಿರಬೇಕು. ಬಳಸಿದ ಮೇಲೆ ಬಟ್ಟಲನ್ನು ಮುಚ್ಚದೆ ಒಣಗಲು ಬಿಡಬೇಕು. ತಳದಲ್ಲಿ ಕೊನೆಗೆ ಉಳಿಯುವ ತೆಳು ಬಿಲ್ಲೆಯನ್ನು ಎಸೆಯುವುದು ಬೇಡ. ಮುಂದಿನ ಪಾಕವನ್ನು ಅದರ ಮೇಲೆಯೇ ಒತ್ತಬಹುದು.