ಏನ್ ತಗೊಂಡೆ ಮಗಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಮದುವೆಮನೆಗೆ ಹೋಗಬೇಕೆಂದರೆ ಮಕ್ಕಳಿಗೆ ಭಯ. ಎಲೆಗೆ ಉಪ್ಪಿನಕಾಯಿ ಬೀಳುವ ಮೊದಲೇ ಎದುರು ಪಂಕ್ತಿಯಿಂದ ಪ್ರಶ್ನೆ ಬೀಳುತ್ತದೆ: ‘ಏನ್ ತಗೊಂಡೆ ಮಗಾ?’ ಸರಿಯುತ್ತರ ಒಂದೇ, ಸೈನ್ಸ್. ಕಾಮರ್ಸ್ ಎಂದರೆ ‘ಪರವಾಗಿಲ್ಲ ಬಿಡು, ಬ್ಯಾಂಕ್ ಗೀಂಕ್ ನೋಡಬಹುದು’ ಎಂಬ ಸಮಾಧಾನ. ಆರ್ಟ್ಸ್ ಎಂದರೆ ಮಾವ ಮಗುವನ್ನು ಬಿಟ್ಟು ಅಪ್ಪನ ಕಡೆ ತಿರುಗಿ, ದನಿ ತಗ್ಗಿಸಿ, ‘ಯಾಕೆ, ಮಾರ್ಕ್ಸ್ ಬರಲಿಲ್ವಾ?’ ಅನ್ನುತ್ತಾನೆ. 625ಕ್ಕೆ 600 ತೆಗೆದ ಹುಡುಗಿ ಇತಿಹಾಸ ಓದುತ್ತೇನೆಂದರೆ ಮನೆಯವರು ಶಾಂತಿ ಮಾಡಿಸಲು ಜೋಯಿಸರನ್ನು ಹುಡುಕುತ್ತಾರೆ.

ಸೈನ್ಸಿನಲ್ಲೂ ಪಿಸಿಎಂಬಿಯೇ ಆಗಬೇಕು. ನೀಟ್ ಕೈಕೊಟ್ಟರೆ ಸಿಇಟಿ ಇರುತ್ತದಲ್ಲ! ಮಗುವಿಗೆ ಕಪ್ಪೆ ಇಷ್ಟವೋ ಕ್ಯಾಲ್ಕುಲಸ್ ಇಷ್ಟವೋ ಯಾರೂ ಕೇಳುವುದಿಲ್ಲ.

ಪರೀಕ್ಷಾ ಪ್ರಾಧಿಕಾರದವರ ವೇದಾಂತ ಮಾತ್ರ ನನಗೆ ಬಹಳ ಹಿಡಿಸಿದೆ. ಸೀಟು ಹಂಚಿದ ಮೇಲೆ ಅಭ್ಯರ್ಥಿಗೆ ನಾಲ್ಕು ದಾರಿ ಕೊಡುತ್ತಾರೆ. ಒಂದು, ಸಿಕ್ಕಿದ್ದು ಸಾಕು. ಎರಡು, ಇದು ಇರಲಿ, ಇದಕ್ಕಿಂತ ಒಳ್ಳೆಯದು ಸಿಕ್ಕೀತೇನೋ ನೋಡೋಣ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು, ನಿಮ್ಮ ಸಹವಾಸವೇ ಬೇಡ. ನಮ್ಮ ಮಧ್ಯಮ ವರ್ಗವೆಲ್ಲ ಬಾಳಿ ಬದುಕುತ್ತಿರುವುದೇ ಎರಡನೆಯದರಲ್ಲಿ. ಇನ್ನು ಆಪ್ಷನ್ ಎಂಟ್ರಿಗೆ ಸೈಬರ್ ಸೆಂಟರಿನಲ್ಲಿ ಕೂರುವುದು ಅಪ್ಪ. ಊರಿಗೊಂದು ಕಾಲೇಜಿನಂತೆ ಕಂಪ್ಯೂಟರ್ ಸೈನ್ಸನ್ನೇ ತುಂಬಿಸಿ, ಜಾಗ ಉಳಿದರೆ ತಳಕ್ಕೆ ಸಿವಿಲ್. ವಿಶ್ವವಿದ್ಯಾಲಯಕ್ಕೆ ವಿಶ್ವೇಶ್ವರಯ್ಯನವರ ಹೆಸರು, ಅವರು ಓದಿದ ಸಿವಿಲ್‌ಗೆ ಈ ಗತಿ!

ರೈತರ ಮನೆಯ ಕತೆ ಇನ್ನೂ ಸೊಗಸು. ಕೃಷಿ ಪದವಿಗೆ ಕೃಷಿಕರ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ‘ಹೊಲದ ಕಡೆ ತಲೆ ಹಾಕ್ಬೇಡ, ಓದ್ಕೋ’ ಎಂದು ಹದಿನೆಂಟು ವರ್ಷ ಸಾಕಿದ ಅಪ್ಪ, ಪರೀಕ್ಷೆ ಹತ್ತಿರವಾದಾಗ ಮಗನನ್ನು ಮೊರದ ಮುಂದೆ ಕೂರಿಸಿ ‘ಇದು ಹುರುಳಿ, ಇದು ಅಲಸಂದೆ’ ಎಂದು ಪಾಠ ಶುರುಮಾಡುತ್ತಾನೆ. ಡಿಗ್ರಿ ಮುಗಿಸಿದವನು ಹೊಲಕ್ಕೆ ಬರುತ್ತಾನೆಯೇ? ಕೆಎಎಸ್ ಕೋಚಿಂಗಿಗೆ ಹೋಗುತ್ತಾನೆ. ಅಪ್ಪನನ್ನು ಬೈದು ಫಲವಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ನೆನಪಿರಬೇಕು. ಬೇಸಾಯಗಾರನಿಗೆ ಹೆಣ್ಣು ಕೊಡುವವರಿಲ್ಲ. ಹೀಗಾಗಿ ಹುಡುಗನ ಕಾಂಬಿನೇಷನ್ ಆರಿಸುತ್ತಿರುವವನು ಇನ್ನೂ ಗೊತ್ತಾಗದ ಹೆಣ್ಣುಕೊಡುವ ಮಾವ!

ಹಾಗಂತ ಆಸೆಯನ್ನೇ ಹಂಗಿಸುವಷ್ಟು ಧೈರ್ಯ ನನಗಿಲ್ಲ. ಕೂಲಿಯವರ ಮಗಳ ಕೊರಳಿಗೆ ಸ್ಟೆತಾಸ್ಕೋಪ್ ಬಂದದ್ದು ಇಂಥ ಹಟದಿಂದಲೇ. ತೊಡಕಿರುವುದು ಬೇರೆ ಕಡೆ. ಡಾಕ್ಟರ ಮನೆಯ ಮಗುವಿಗೆ ಊಟದ ಹೊತ್ತಿನಲ್ಲೇ ಹತ್ತು ಬಗೆಯ ಓದಿನ ಸುದ್ದಿ ಕಿವಿಗೆ ಬಿದ್ದಿರುತ್ತದೆ. ಒಂದು ತಪ್ಪಿದರೆ ಇನ್ನೊಂದು. ಹಳ್ಳಿಯ ಹುಡುಗ ಕಂಡಿರುವುದು ಮೇಷ್ಟ್ರು, ಪೊಲೀಸು, ಕಂಡಕ್ಟರು, ಹಬ್ಬಕ್ಕೆ ಬೆಂಗಳೂರಿಂದ ಕಾರಿನಲ್ಲಿ ಬರುವ ಸಾಫ್ಟ್‌ವೇರ್ ಅಣ್ಣ. ಅಷ್ಟರೊಳಗೇ ಅವನ ಕನಸು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದೆಂಬುದು ಎಷ್ಟೋ ಮನೆಗೆ ತಿಳಿಯುವ ಹೊತ್ತಿಗೆ ಹುಡುಗ ಗಾರ್ಮೆಂಟ್ಸ್ ಸೇರಿ ಆಗಿರುತ್ತದೆ.

ಓದುಗ ಮಹಾಶಯರೇ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ನಿಮ್ಮೂರಿನ ಹೈಸ್ಕೂಲಿಗೆ ಹೋಗಿಬನ್ನಿ. ಸಾಧಕರ ಭಾಷಣ ಬೇಡ, ಹಾರ ತುರಾಯಿಯೂ ಬೇಡ. ಬೆಳಿಗ್ಗೆಯಿಂದ ಸಂಜೆವರೆಗೆ ನೀವು ಮಾಡುವ ಕೆಲಸ ಏನು, ಅದಕ್ಕೆ ಓದಿದ್ದೇನು, ಫೀಸೆಷ್ಟಾಯಿತು, ಇಷ್ಟು ಹೇಳಿ ಸಾಕು. ಸಂಬಳವನ್ನೂ ಹೇಳಿ. ಬೀಗರಿಗೆ ಹೇಳಿದ್ದನ್ನಲ್ಲ, ನಿಜವಾದದ್ದನ್ನು.